ಹಿಮದ ನಾಡಿನ ಚೈನು, ನಮ್ಮ ಕೆಸರಿನ ಏರು

ಹೋದ ಆಷಾಢದಲ್ಲಿ ತೋಟಕ್ಕೆ ಗೊಬ್ಬರ ತಂದ ಲಾರಿ ಫುಲ್ ಲೋಡಿನಲ್ಲೇ ಕೆರೆ ಪಕ್ಕದ ಏರು ಹತ್ತಿತ್ತು. ಇಳಿಸಿ ಖಾಲಿ ವಾಪಸ್ ಹೋಗುವಾಗ ಆಚೆ ಕಡೆ ಅಷ್ಟೇ ಏರಿನಲ್ಲಿ ಚಕ್ರ ಗಿರಗಿರ ತಿರುಗಿ ಹಿಂದಕ್ಕೆ ಜಾರಿತು. ಕಲ್ಲು ಕೊಡಲು ಹೋದ ಹುಡುಗ ಒಂದು ಮಾರು ಅಂತರದಲ್ಲಿ ಉಳಿದ. ತುಂಬಿದ್ದು ಹತ್ತಿತು, ಖಾಲಿದು ಯಾಕೆ ಜಾರಿತು? ಈಗ ನಾನು, ತಮ್ಮ ಸೇರಿ ಹಳೇ ಹತ್ತು ಚಕ್ರದ ಲಾರಿ ಹುಡುಕುತ್ತಿರುವಾಗ ಈ ಪ್ರಶ್ನೆ ಮತ್ತೆ ಎದುರು ಬಂತು.

ಉತ್ತರ ಹಿಮ ಬೀಳುವ ಅಮೆರಿಕದ ಲಾರಿ ಚರಿತ್ರೆಯಲ್ಲಿದೆ ಕಣ್ರೀ. ಆಗ ಅಲ್ಲಿನ ಕಾರಿನವರು ಜಾರದಿರಲಿ ಅಂತ ಟೈರಿಗೆ ಹಗ್ಗ, ಬಳ್ಳಿ ಸುತ್ತುತ್ತಿದ್ದರು. ಅದನ್ನು ನೋಡಿ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ 1904ರಲ್ಲಿ ಟೈರ್ ಚೈನಿಗೆ ಪೇಟೆಂಟ್ ಪಡೆದ. ಮಳೆಗಾಲದಲ್ಲಿ ನಾವು ಜೀಪಿಗೆ ಕಟ್ಟುವ ಚೈನೂ ಅದೇ ಉಪಾಯ. ಕೊಲೊರಾಡೋದ ಐ-70 ಬೆಟ್ಟದ ದಾರಿಯಲ್ಲಿ ಇವತ್ತಿಗೂ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಭಾರಿ ಲಾರಿಗಳು ಚೈನು ಇಟ್ಟುಕೊಂಡೇ ಹೋಗಬೇಕು.

1908ರಲ್ಲಿ ವಿಸ್ಕಾನ್ಸಿನ್‌ನ ಝಾಕೋ ಮತ್ತು ಬೆಸರ್ಡಿಚ್ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಗಾಡಿ ಮಾಡಿದರು. ಅವರು ಶುರು ಮಾಡಿದ ಕಂಪನಿಯ ಲಾರಿಗಳು ಮೊದಲ ಮಹಾಯುದ್ಧದ ಕೆಸರಿನಲ್ಲಿ ಓಡಿದವು.

1914ರಲ್ಲಿ ಡೆಟ್ರಾಯಿಟ್‌ನ ಕಮ್ಮಾರ ಆಗಸ್ಟ್ ಫ್ರೂಹಾಫ್, ಮರದ ವ್ಯಾಪಾರಿಯೊಬ್ಬರ ದೋಣಿ ಸಾಗಿಸಲು ಫೋರ್ಡ್ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಟ್ಟ. ಅದಕ್ಕೇ ಸೆಮಿ ಟ್ರೇಲರ್ ಅಂತ ಹೆಸರಾಯ್ತು. ಟ್ರೇಲರಿನ ಮುಂಭಾಗದ ಭಾರ ಎಳೆಯುವ ಗಾಡಿಯ ಹಿಂದಿನ ಚಕ್ರದ ಮೇಲೆ ಕೂರುತ್ತದೆ. ಗುಟ್ಟು ಇದೇ. ತಿರುಗುವ ಚಕ್ರದ ಮೇಲೆ ಎಷ್ಟು ಭಾರವೋ ಅಷ್ಟು ಹಿಡಿತ. ಖಾಲಿ ಆದರೆ ಆ ಭಾರವೇ ಇಲ್ಲ. ಹಿಮದಲ್ಲಿ ಖಾಲಿ ಟ್ರೇಲರಿಗೆ ಡ್ರೈವರುಗಳು ಹೆದರುವುದೂ, ನಮ್ಮ ಗೊಬ್ಬರದ ಲಾರಿ ಜಾರಿದ್ದೂ ಇದಕ್ಕೇ.

ಅಲ್ಲಿ ಹಳೇ ಸೆಮಿ ಕೊಳ್ಳುವವರು ತಯಾರಾದ ವರ್ಷವನ್ನೂ ನೋಡಬೇಕು. 1997ರ ಮಾರ್ಚ್ 1ರಿಂದ ತಯಾರಾದ ಏರ್ ಬ್ರೇಕಿನ ಎಳೆಯುವ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ಆದರೆ ಎಬಿಎಸ್ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುತ್ತದೆ ಅಷ್ಟೇ, ಏರು ಹತ್ತಿಸುವುದಿಲ್ಲ.

ಇಷ್ಟು ತಿಳಿದ ಮೇಲೆ ಕಳೆದ ವಾರ ನೋಡಿದ ಲಾರಿಯ ಬಣ್ಣ ಬಿಟ್ಟು ಅಡಿಗೆ ನುಗ್ಗಿದೆ. ಹಿಂದೆ ಎರಡು ಆಕ್ಸಲ್, ಎಂಜಿನ್ ಬಲ ಹೋಗುವುದು ಒಂದಕ್ಕೆ ಮಾತ್ರ. ಇನ್ನೊಂದು ಡಮ್ಮಿ, ಭಾರ ಹೊರುತ್ತದೆ, ಎಳೆಯುವುದಿಲ್ಲ. ಡಾಂಬರು ರಸ್ತೆಗೆ ಸರಿ, ಡೀಸೆಲ್ಲೂ ಉಳಿಯುತ್ತದೆ. ನಮ್ಮ ಏರಿಗೆ ಆಗೋದಿಲ್ಲ.

ಎರಡೂ ಆಕ್ಸಲ್ ಎಳೆಯುವ ಗಾಡಿ ಸಿಕ್ಕರೆ ಡಿಫರೆನ್ಷಿಯಲ್ ಲಾಕ್ ಕೇಳಿ. ಲಾಕ್ ಇಲ್ಲದಿದ್ದರೆ ಕೆಸರಿನಲ್ಲಿರುವ ಚಕ್ರ ಸುಮ್ಮನೆ ತಿರುಗುತ್ತದೆ, ಗಟ್ಟಿ ನೆಲದಲ್ಲಿರೋದು ನಿಂತೇ ಇರುತ್ತದೆ. ಮೆಕ್ಯಾನಿಕ್ ಕೈಲಿ ಮುಂದಿನ ಚಕ್ರಕ್ಕೆ ಕಟ್ಟೆ ಕೊಡಿಸಿ, ಗಾಡಿ ಗೇರಿನಲ್ಲಿಟ್ಟು, ಒಂದು ಆಕ್ಸಲ್‌ನ ಎರಡೂ ಕಡೆ ಎತ್ತಿಸಿ. ಒಂದು ಚಕ್ರ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗಬೇಕು. ಲಾಕ್ ಹಾಕಿದರೆ ಸ್ವಲ್ಪ ಆಟ ಬಿಟ್ಟು ಎರಡೂ ನಿಲ್ಲಬೇಕು. ಹಾಗೆ ನಿಲ್ಲದಿದ್ದರೆ ಸ್ವಿಚ್ಚು ಬರೀ ಅಲಂಕಾರ.

ಆ ಲಾರಿ ಬಿಟ್ಟು ಬಂದೆವು. ಮಾರುವವರಿಗೆ ಬೇಜಾರಾಯ್ತು, ತಮ್ಮನಿಗೂ. ಕೆಸರಿನಲ್ಲಿ ಕಲ್ಲು ಹಿಡಿದು ನಿಂತಿದ್ದ ಆ ಹುಡುಗನ ಮುಖ ನೆನಪಾಗಿ ನಾನು ಸುಮ್ಮನಾದೆ.