ನಿಳಾ ತೀರದ ಗಣಿತಪರಂಪರೆ

ಹೊಸ ವಿಚಾರವೆಂಬುದು ಅಸಾಧಾರಣ ಪ್ರತಿಭೆಯುಳ್ಳ ಒಬ್ಬ ವ್ಯಕ್ತಿಯಲ್ಲಿ ತಾನಾಗಿ ಹೊಳೆಯುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಆದರೆ 14ನೆಯ ಶತಮಾನದ ಉತ್ತರಾರ್ಧದಿಂದ 17ನೆಯ ಶತಮಾನದ ಆರಂಭದವರೆಗೆ ಮಧ್ಯ ಕೇರಳದಲ್ಲಿ, ಮುಖ್ಯವಾಗಿ ಇಂದು ಭಾರತಪ್ಪುಳ ಎನಿಸಿಕೊಳ್ಳುವ ನಿಳಾ ನದಿಯ ಆಸುಪಾಸಿನ ಊರುಗಳಲ್ಲಿ ಬೆಳೆದ ಗಣಿತಪರಂಪರೆಯನ್ನು ಪರಿಶೀಲಿಸಿದರೆ, ಪ್ರತಿಭೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಕಾಣಿಸುತ್ತದೆ: ಬಳಕೆಗೆ ಸಾಕಾಗುವ ಉತ್ತರ ಕೈಯಲ್ಲಿದ್ದರೂ ಅದರಲ್ಲಿ ಉಳಿದಿರುವ ದೋಷವೆಷ್ಟು ಎಂದು ಕೇಳುವ ಅಭ್ಯಾಸ.

499ರಲ್ಲಿ ರಚಿತವಾದ 'ಆರ್ಯಭಟೀಯ'ವು ಭಾರತದ ನಾನಾ ಭಾಗಗಳಲ್ಲಿ ಶತಮಾನಗಳ ಕಾಲ ಅಧ್ಯಯನಕ್ಕೊಳಗಾದ ಗ್ರಂಥ. ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ದೊರೆಯುವ ಬೆಲೆಯನ್ನು, ಅಂದರೆ ಇಂದಿನ 'ಪೈ'ಯನ್ನು, ಆರ್ಯಭಟನು 3.1416 ಎಂದು ಕೊಟ್ಟು, ಅದು ನಿಜಬೆಲೆಗೆ ಸಮೀಪದ್ದು ಮಾತ್ರ ಎಂದು ಸೂಚಿಸಿದ್ದನು. ಪಂಚಾಂಗ ರಚನೆಗೆ ಆ ಬೆಲೆಯೇ ಸಾಕಾಗಿದ್ದುದರಿಂದ ಅದನ್ನು ಮೀರಿ ಹೋಗುವ ತುರ್ತು ಹೆಚ್ಚಿನ ವಿದ್ವಾಂಸರಿಗೆ ಇರಲಿಲ್ಲ.

ಸಂಗಮಗ್ರಾಮದ ಮಾಧವನು (ಸು. 1340–1425) ಈ ಬೆಲೆಯನ್ನು ಅನಂತ ಶ್ರೇಣಿಯಾಗಿ, ಎಂದರೆ ಕೊನೆಯಿಲ್ಲದೆ ಮುಂದುವರಿಯುವ ಪದಗಳ ಮೊತ್ತವಾಗಿ, ನಿರೂಪಿಸಿದನು. ಒಂದರಿಂದ ಮೂರನೆಯ ಒಂದು ಭಾಗವನ್ನು ಕಳೆದು, ಐದನೆಯ ಒಂದು ಭಾಗವನ್ನು ಕೂಡಿಸಿ, ಏಳನೆಯ ಒಂದು ಭಾಗವನ್ನು ಕಳೆಯುತ್ತ ಹೋದರೆ ಬರುವ ಮೊತ್ತದ ನಾಲ್ಕು ಪಟ್ಟು ಪೈಗೆ ಸಮ. ಈ ಶ್ರೇಣಿ ಬಹು ನಿಧಾನವಾಗಿ ನಿಜಬೆಲೆಯತ್ತ ಸಾಗುವುದರಿಂದ 50 ಪದಗಳನ್ನು ಲೆಕ್ಕಹಾಕಿದರೂ ಎರಡನೆಯ ದಶಮಾಂಶ ಸ್ಥಾನದಲ್ಲೇ ತಪ್ಪು ಉಳಿಯುತ್ತದೆ. ಮಾಧವನ ಪರಂಪರೆಯ ಅಸಲಿ ಸಾಧನೆ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ: ಲೆಕ್ಕವನ್ನು ನಡುವೆ ನಿಲ್ಲಿಸಿದಾಗ ಬಿಟ್ಟುಹೋಗುವ ಭಾಗವನ್ನು ಅಂದಾಜುಮಾಡಿ ಸೇರಿಸುವ ತಿದ್ದುಪಡಿಯ ಸೂತ್ರಗಳನ್ನು ಅದು ರೂಪಿಸಿತು. ಅವುಗಳಲ್ಲೊಂದನ್ನು ಅನ್ವಯಿಸಿದರೆ ಅದೇ 50 ಪದಗಳಿಂದ ಎಂಟು ದಶಮಾಂಶ ಸ್ಥಾನಗಳವರೆಗೆ ಸರಿಯಾದ ಬೆಲೆ ಸಿಗುತ್ತದೆ. ಯುರೋಪಿನಲ್ಲಿ ಇದೇ ಶ್ರೇಣಿಯನ್ನು ಗ್ರೆಗರಿ ಮತ್ತು ಲೈಬ್ನಿಟ್ಸ್ ಕಂಡುಕೊಂಡದ್ದು 1670ರ ದಶಕದಲ್ಲಿ.

ದೋಷವನ್ನು ಮುಚ್ಚಿಡದೆ ಅಳೆಯುವ ಈ ಮನೋಧರ್ಮ ಗಣಿತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಮಾಧವನ ಶಿಷ್ಯನಾದ ವಟಶ್ಶೇರಿಯ ಪರಮೇಶ್ವರನು 55 ವರ್ಷಗಳ ಕಾಲ ಗ್ರಹಣಗಳನ್ನು ಗಮನಿಸಿ, ರೂಢಿಯಲ್ಲಿದ್ದ 'ಪರಹಿತ' ಗಣನಪದ್ಧತಿ ಆಕಾಶದಲ್ಲಿ ಕಂಡದ್ದಕ್ಕೆ ಹೊಂದದಿರುವುದನ್ನು ಅರಿತು, 1431ರಲ್ಲಿ 'ದೃಗ್ಗಣಿತ' ಎಂಬ ಪರಿಷ್ಕೃತ ಪದ್ಧತಿಯನ್ನು ರಚಿಸಿದನು. ಅವನ ಮಗ ದಾಮೋದರನ ಬಳಿ ಕಲಿತ ನೀಲಕಂಠ ಸೋಮಯಾಜಿಯು 'ತಂತ್ರಸಂಗ್ರಹ'ದಲ್ಲಿ ಬುಧ ಮತ್ತು ಶುಕ್ರಗಳ ಗತಿಯ ಲೆಕ್ಕವನ್ನು ಹೊಸದಾಗಿ ಕಟ್ಟಿದ್ದಲ್ಲದೆ, 'ಜ್ಯೋತಿರ್ಮೀಮಾಂಸೆ'ಯಲ್ಲಿ ಶಾಸ್ತ್ರವನ್ನು ವೀಕ್ಷಣೆಯಿಂದ ಕಾಲಕಾಲಕ್ಕೆ ತಿದ್ದಬೇಕೆಂದು ವಾದಿಸಿದನು. ಗುರುವಿನ ಲೆಕ್ಕವನ್ನು ತಿದ್ದುವುದು ಗುರುದ್ರೋಹವಾಗದೆ ಗುರುಸೇವೆಯೇ ಆಗಿದ್ದ ವಾತಾವರಣವಿದು. 16ನೆಯ ಶತಮಾನದಲ್ಲಿ ಜ್ಯೇಷ್ಠದೇವನು ಮಲಯಾಳದಲ್ಲಿ ಬರೆದ 'ಯುಕ್ತಿಭಾಷೆ'ಯು ಸೂತ್ರಗಳನ್ನು ಹೇಳಿ ಮುಗಿಸದೆ, ಅವು ಏಕೆ ಸರಿ ಎಂಬುದನ್ನು ಹಂತಹಂತವಾಗಿ ವಿವರಿಸುತ್ತದೆ. ನಂಬೂದಿರಿಗಳ ಜೊತೆಗೆ ದೇವಾಲಯಸೇವೆಯ ಸಮುದಾಯಗಳಿಗೆ ಸೇರಿದ ಶಂಕರ ವಾರಿಯರ್ ಮತ್ತು ಅಚ್ಯುತ ಪಿಷಾರಟಿಯಂಥವರೂ ಈ ಸರಣಿಯಲ್ಲಿದ್ದುದು ಗಮನಾರ್ಹ.

ಮಾಧವನ ಶ್ರೇಣಿಗಳು ಉಳಿದುಬಂದದ್ದೂ ಶಿಷ್ಯರು ಅವನ ಹೆಸರೆತ್ತಿ ಉದ್ಧರಿಸಿದ್ದರಿಂದಲೇ. ಆದರೆ ತಾಳೆಗರಿಗಳಲ್ಲಿ, ಕೆಲವೇ ಮನೆತನಗಳ ನಡುವೆ ಸಾಗಿದ ಈ ಜ್ಞಾನ ಹೊರಗಿನ ವಿದ್ವತ್‌ಲೋಕವನ್ನು ವ್ಯಾಪಕವಾಗಿ ತಲುಪಲಿಲ್ಲ. ಈ ಶ್ರೇಣಿಗಳ ಕುರಿತು ಚಾರ್ಲ್ಸ್ ವಿಷ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಬರೆದ ಲೇಖನ 1834ರಲ್ಲಿ ಪ್ರಕಟವಾದ ಮೇಲೂ ಈ ಪರಂಪರೆಗೆ ತಕ್ಕ ಗಮನ ದೊರೆಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಮಾಧವನಂಥ ಪ್ರತಿಭೆ ಬೇರೆ ಊರುಗಳಲ್ಲಿ ಹುಟ್ಟಿರಲಾರದೆಂದು ಹೇಳಲು ಯಾವ ಆಧಾರವೂ ಇಲ್ಲ. ನಿಳಾ ತೀರದಲ್ಲಿ ವಿಶೇಷವಾಗಿದ್ದದ್ದು, ಒಬ್ಬನು ಕೇಳಿದ ಪ್ರಶ್ನೆಯನ್ನು ಅವನ ಕಾಲಾನಂತರವೂ ಬಿಡದೆ ಮುಂದುವರಿಸಿದ ತಲೆಮಾರುಗಳು.