ಏಡಿಯಿಂದ ವಂಶಾವಳಿಗೆ: ಹಂದಿಗೋಡು ಕಾಯಿಲೆಯನ್ನು ಅರಿತ ಬಗೆ

ಶಿವಮೊಗ್ಗ ಜಿಲ್ಲೆಯ ಎರಡು ಊರುಗಳ ಹೆಸರು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಸೇರಿವೆ. ಒಂದು ಸೊರಬ ತಾಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಜ್ವರವನ್ನು ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಹೊರಜಗತ್ತು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತದೆ. ಇನ್ನೊಂದು ಸಾಗರ ತಾಲೂಕಿನ ಹಂದಿಗೋಡು. ಮಂಗನ ಕಾಯಿಲೆಗೆ ವೈರಾಣು ಸಿಕ್ಕಿತು, ಅದನ್ನು ಹೊತ್ತು ತರುವ ಉಣುಗು ಸಿಕ್ಕಿತು, ಕತೆ ನೇರವಾಗಿ ಸಾಗಿತು. ಹಂದಿಗೋಡಿನ ಕೀಲು-ಮೂಳೆಗಳ ಕಾಯಿಲೆಯ ಕತೆ ಹಾಗಲ್ಲ. ಅದರ ಹೆಸರು ಬದಲಾಯಿತು, ಕಾರಣ ಬದಲಾಯಿತು, ಅದು ಯಾವ ಜಾತಿಯ ರೋಗ ಎಂಬ ವರ್ಗೀಕರಣವೇ ಬದಲಾಯಿತು. ಬದಲಾಗದೆ ಉಳಿದದ್ದು ನೋವು ಉಣ್ಣುವ ಮನೆಗಳು ಮಾತ್ರ.

ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಸೊಂಟದ ಕೀಲಿನಲ್ಲಿ. ನಡೆದರೆ ನೋವು, ಕುಕ್ಕರುಗಾಲಿನಲ್ಲಿ ಕೂತರೆ ಏಳುವುದು ಕಷ್ಟ, ನಡಿಗೆ ಓಲಾಡುತ್ತದೆ. ಬರಬರುತ್ತ ಮಂಡಿಗೂ ಬೆನ್ನಿಗೂ ಹಬ್ಬುತ್ತದೆ. ಕೆಲವರಿಗೆ ಎಳವೆಯಲ್ಲೇ ಶುರು, ಕೆಲವರಿಗೆ ಮೈಬಲಿತು ದುಡಿಯುವ ವಯಸ್ಸಿನಲ್ಲಿ. ಕೆಲವು ಮನೆಗಳಲ್ಲಿ ಇದರ ಜೊತೆಗೆ ಎತ್ತರವೂ ಕುಗ್ಗಿರುತ್ತದೆ. ತೀವ್ರವಾದಾಗ ಮನುಷ್ಯ ಎದ್ದು ನಿಲ್ಲಲಾರದೆ ತೆವಳಬೇಕಾಗುತ್ತದೆ. ಬಾಧಿತರು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ದಲಿತರು. ಗದ್ದೆಯ ನಾಟಿ, ಕಳೆ, ಕೊಯ್ಲು ಎಲ್ಲವೂ ಸೊಂಟ ಬಗ್ಗಿಸಿ ಮಾಡುವ ಕೆಲಸ. ಸೊಂಟ ಹೋದ ದಿನವೇ ಕೂಲಿಯೂ ಹೋಗುತ್ತದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಕಾಯಿಲೆಯ ಬಗ್ಗೆ ಬಂದ ಪ್ರಬಂಧಗಳಲ್ಲಿ ಕೀಲುಗಳ ಅಳತೆ ಸಿಗುತ್ತದೆ. ಆ ಕೀಲುಗಳು ಏನು ಕೆಲಸ ಮಾಡುತ್ತಿದ್ದವು ಎಂಬುದನ್ನು ನಾವೇ ನೆನಪಿಸಿಕೊಳ್ಳಬೇಕು.

ಕಾಯಿಲೆ ಹೊರಗಿನವರ ಗಮನಕ್ಕೆ ಬಂದದ್ದು 1974-75ರಲ್ಲಿ. ಪರೀಕ್ಷಿಸಲು ಬಂದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ. ಎ. ವಿ. ಆರ್. ಕೃಷ್ಣಮಾಚಾರಿ ಮತ್ತು ರಮೇಶ್ ವಿ. ಭಟ್. ಅವರ ಬರಹಗಳು 1977 ಮತ್ತು 1978ರಲ್ಲಿ ಪ್ರಕಟವಾದವು. 1978ರ ಪ್ರಬಂಧದ ತಲೆಬರಹವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಯುತ್ತೇನೆ: ‘ಎಂಡೆಮಿಕ್ ಫ್ಯಾಮಿಲಿಯಲ್ ಆರ್ಥ್ರೈಟಿಸ್ ಆಫ್ ಮಲ್ನಾಡ್: ಆ್ಯನ್ ಔಟ್‌ಬ್ರೇಕ್ ಇನ್ ಸದರ್ನ್ ಇಂಡಿಯಾ’. ಹಂದಿಗೋಡು ಎಂಬ ಹೆಸರು ಅದರಲ್ಲಿಲ್ಲ, ಮಲೆನಾಡು ಇದೆ. ಇನ್ನೂ ಮುಖ್ಯವಾಗಿ, ಒಂದೇ ಸಾಲಿನಲ್ಲಿ ಒಂದಕ್ಕೊಂದು ಹೊಂದದ ಮೂರು ಮಾತುಗಳಿವೆ. ‘ಎಂಡೆಮಿಕ್’ ಎಂದರೆ ಒಂದು ಸೀಮೆಯಲ್ಲಿ ನೆಲೆನಿಂತದ್ದು. ‘ಫ್ಯಾಮಿಲಿಯಲ್’ ಎಂದರೆ ಮನೆತನದಲ್ಲಿ ಹರಿದು ಬರುವಂಥದ್ದು. ‘ಔಟ್‌ಬ್ರೇಕ್’ ಎಂದರೆ ಇದ್ದಕ್ಕಿದ್ದಂತೆ ಎದ್ದದ್ದು. ನೆಲೆನಿಂತದ್ದು ಹೊಸದಾಗಿ ಏಳುವುದು ಹೇಗೆ? ಮನೆತನದ್ದಾದರೆ ಊರಿಗೆ ಊರೇ ಸ್ಫೋಟದ ಹಾಗೆ ಕಾಣುವುದೇಕೆ? ಲೇಖಕರು ಎಚ್ಚರ ತಪ್ಪಿದ್ದರು ಎಂದು ನನಗೆ ಅನಿಸುವುದಿಲ್ಲ. ಕಣ್ಣೆದುರಿಗಿದ್ದ ಮೂರು ಸಂಗತಿಗಳಲ್ಲಿ ಯಾವುದನ್ನೂ ಬಿಟ್ಟುಕೊಡಲಾಗದೆ ಮೂರನ್ನೂ ಬರೆದಿದ್ದಾರೆ. ಮುಂದಿನ ಎರಡು ದಶಕಗಳ ಚರ್ಚೆ ಆ ಒಂದು ಸಾಲಿನೊಳಗೇ ಮಡಚಿ ಕೂತಿದೆ.

‘ಔಟ್‌ಬ್ರೇಕ್’ ಎಂಬ ಮಾತು ಎಲ್ಲಿಂದ ಬಂತು ಎಂದು ತಿಳಿಯಲು ಇದೇ ವಿಜ್ಞಾನಿಗಳು ಅದಕ್ಕೆ ಮುಂಚೆ ಮಾಡಿದ ಕೆಲಸವನ್ನು ನೋಡಬೇಕು. 1973ರಲ್ಲಿ ಕೃಷ್ಣಮಾಚಾರಿಯವರು ಕಮಲಾ ಕೃಷ್ಣಸ್ವಾಮಿಯವರ ಜೊತೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಫ್ಲೋರೈಡ್ ಹೆಚ್ಚಿರುವ ನೀರಿನ ಸೀಮೆಯಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರದ ಬಗ್ಗೆ ಬರೆದಿದ್ದರು. ದಕ್ಷಿಣ ಭಾರತದಲ್ಲಿ ನೀರಿನ ಫ್ಲೋರೈಡ್ ಮೂಳೆಯನ್ನು ಕೆಡಿಸುತ್ತದೆ ಎಂಬುದು 1937ರಲ್ಲೇ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದಿಂದ ವರದಿ ಮಾಡಿದ್ದ ವಿಷಯ. 1974ರ ಕೊನೆಯಲ್ಲಿ ರಾಜಸ್ಥಾನ, ಗುಜರಾತುಗಳ ಬುಡಕಟ್ಟು ಹಳ್ಳಿಗಳಲ್ಲಿ ಕಾಮಾಲೆಯಿಂದ ಜನ ಸಾಯತೊಡಗಿದಾಗ, ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿದ್ದ ಅಫ್ಲಾಟಾಕ್ಸಿನ್ ವಿಷವೇ ಕಾರಣವೆಂದು ತೋರಿಸಿದವರಲ್ಲಿ ಕೃಷ್ಣಮಾಚಾರಿ ಮತ್ತು ಭಟ್ ಇಬ್ಬರೂ ಇದ್ದರು. ಆ ಪ್ರಬಂಧ 1975ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದರ ಉಪಶೀರ್ಷಿಕೆ ‘ಆ್ಯನ್ ಔಟ್‌ಬ್ರೇಕ್ ಇನ್ ವೆಸ್ಟರ್ನ್ ಇಂಡಿಯಾ’. ಮಲೆನಾಡಿನ ಪ್ರಬಂಧದ ಉಪಶೀರ್ಷಿಕೆಯಲ್ಲಿ ದಿಕ್ಕು ಮಾತ್ರ ಬದಲಾಗಿದೆ.

ನೀರಿನಲ್ಲಿ ವಿಷ, ಕಾಳಿನಲ್ಲಿ ವಿಷ ಕಂಡುಹಿಡಿದು ಬಂದವರು ಮಲೆನಾಡಿನಲ್ಲೂ ಮೊದಲು ತಟ್ಟೆಯನ್ನೇ ನೋಡಿದರು. ಅದು ಸಹಜವಷ್ಟೇ ಅಲ್ಲ, ಕರ್ತವ್ಯವೂ ಆಗಿತ್ತು. ಬಡವರ ಊಟದಲ್ಲಿ ವಿಷವಿರಬಹುದೆಂದು ಯಾರೂ ಕೇಳದ ಕಾಲದಲ್ಲಿ ಕೇಳಿದವರು ಅವರು. ಹೀಗೆ ಮುಂದೆ ಬಂದ ಊಹೆಗಳಲ್ಲಿ ಹೆಚ್ಚು ಹರಡಿದ್ದು ಏಡಿಯದು. ಕೂಲಿಯವರು ಗದ್ದೆಯ ಏಡಿ, ಮೀನುಗಳನ್ನು ಹಿಡಿದು ತಿನ್ನುತ್ತಾರೆ. ಗದ್ದೆಗಳಿಗೆ ಕೀಟನಾಶಕ ಸಿಂಪಡಿಸುವುದು ಆಗಷ್ಟೇ ಹೆಚ್ಚಾಗಿತ್ತು. ವಿಷ ಏಡಿಯ ಮೂಲಕ ಮನುಷ್ಯನ ಮೂಳೆ ಸೇರಿರಬಹುದು ಎಂಬುದು ಆ ಊಹೆ. ಕೀಟನಾಶಕಗಳ ವಿರುದ್ಧ ದನಿ ಏಳುತ್ತಿದ್ದ ಕಾಲ ಅದು. ಮಲೆನಾಡಿನ ಏಡಿ ಪ್ರಯೋಗಾಲಯಕ್ಕಿಂತ ಬೇಗ ಪತ್ರಿಕೆಗಳನ್ನು ತಲುಪಿತು.

ಊಹೆಗೆ ಬಲ ಕೊಟ್ಟದ್ದು ಒಂದು ಸರಳ ವಾದ. ಅದೇ ಊರಿನಲ್ಲಿ, ಅದೇ ಮಳೆಯಲ್ಲಿ ಬದುಕುವ ಬೇರೆ ಜಾತಿಯವರಿಗೆ ಈ ಕಾಯಿಲೆ ಇಲ್ಲ. ಅವರು ಗದ್ದೆಯ ಏಡಿಯನ್ನು ನೆಚ್ಚಿ ಬದುಕುವವರೂ ಅಲ್ಲ. ಆದ್ದರಿಂದ ಏಡಿಯೇ ಕಾರಣ. ಇಡೀ ಚರಿತ್ರೆಯ ಗಂಟು ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಜಾತಿ ಎಂಬುದು ಊಟದ ಗಡಿಯೂ ಹೌದು, ಮದುವೆಯ ಗಡಿಯೂ ಹೌದು. ಒಂದು ಕಾಯಿಲೆ ಒಂದೇ ಜಾತಿಯೊಳಗೆ ನಿಂತಿದೆ ಎಂದರೆ ಅದು ತಟ್ಟೆಯಿಂದ ಬಂದದ್ದೋ ರಕ್ತದಿಂದ ಬಂದದ್ದೋ ಎಂದು ಆ ಸಂಗತಿಯೊಂದರಿಂದಲೇ ಹೇಳಲಾಗದು. ಮದುವೆ ಆಗದವರ ಜೊತೆ ಊಟವೂ ಇಲ್ಲದ ಸಮಾಜದಲ್ಲಿ ಎರಡೂ ಒಂದೇ ನಕ್ಷೆಯನ್ನು ಬರೆಯುತ್ತವೆ. ರೋಗದ ಕಾರಣ ಹುಡುಕಲು ಹೋದವರ ದಾರಿಗೆ ಅಸ್ಪೃಶ್ಯತೆಯೇ ಅಡ್ಡ ನಿಂತಿತು.

ಸೀಮೆಯೊಂದಕ್ಕೆ ಅಂಟಿಕೊಂಡ ಕೀಲುರೋಗಗಳ ವಿಷಯದಲ್ಲಿ ಈ ಗೊಂದಲ ಬೇರೆಡೆಯೂ ಆಗಿದೆ. ರಷ್ಯಾದ ಬೈಕಲ್ ಸರೋವರದ ಆಚೆ ಉರೋವ್ ನದಿಯ ಕಣಿವೆಯಲ್ಲಿ ಬೆರಳು, ಮೊಣಕೈ, ಮಂಡಿಗಳು ದಪ್ಪಗಾಗಿ ಬೆಳವಣಿಗೆ ಕುಂಠಿತವಾದ ಜನರನ್ನು 1849ರಲ್ಲಿ ಯುರೆನ್ಸ್ಕಿ ಗುರುತಿಸಿದ. ವೈದ್ಯ ನಿಕೊಲಾಯ್ ಕಾಶಿನ್ 1859ರ ಹೊತ್ತಿಗೆ ಅದನ್ನು ಅಧ್ಯಯನ ಮಾಡಿದ. ಬೆಕ್ ಎಂಬಾತ 1906ರಲ್ಲಿ ವಿವರವಾಗಿ ಬರೆದ. ಕಾಶಿನ್-ಬೆಕ್ ಕಾಯಿಲೆ ಎಂದೇ ಹೆಸರಾದ ಅದು ಚೀನಾದ ಈಶಾನ್ಯದಿಂದ ಟಿಬೆಟ್‌ವರೆಗೂ ಒಂದು ಪಟ್ಟಿಯ ಹಾಗೆ ಹಬ್ಬಿದೆ. ಅಲ್ಲಿ ಸಂಶಯ ಹೋದದ್ದು ಮಣ್ಣಿನಲ್ಲಿ ಸೆಲೆನಿಯಂ ಕೊರತೆ, ಕಾಳಿನ ಬೂಷ್ಟಿನ ವಿಷ ಇಂಥವುಗಳ ಕಡೆಗೆ. ಇದಕ್ಕೆ ಎದುರಾಗಿ, ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನ ಉತ್ತರ ತುದಿಯ ಮ್ಸೆಲೆನಿ ಎಂಬಲ್ಲಿ ಸೊಂಟದ ಕೀಲು ಸವೆದು ಕುಂಟುವವರು, ಅದರಲ್ಲೂ ಹೆಂಗಸರು, ದೊಡ್ಡ ಸಂಖ್ಯೆಯಲ್ಲಿರುವುದು 1970ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿಯಾಯಿತು. ಹಂದಿಗೋಡಿಗೂ ಇದಕ್ಕೂ ನಡುವೆ ಐದು ವರ್ಷವೂ ಇಲ್ಲ. ಸೊಂಟ, ಬಡತನ, ಒಳಗೊಳಗೇ ಮದುವೆಯಾಗುವ ಸಣ್ಣ ಸಮುದಾಯ: ಹೋಲಿಕೆ ಎದ್ದು ಕಾಣುತ್ತದೆ. 1997ರಲ್ಲಿ ಲಖನೌದ ಎಸ್. ಎಸ್. ಅಗರ್ವಾಲ್, ಶುಭಾ ಫಡ್ಕೆ ಮತ್ತು ದಕ್ಷಿಣ ಆಫ್ರಿಕಾದ ಪೀಟರ್ ಬೈಟನ್ ಮುಂತಾದವರು ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದರು. ಎರಡೂ ಒಂದೆಯೇ ಎಂಬುದನ್ನು ಆ ಪ್ರಬಂಧ ತಲೆಬರಹದಲ್ಲೇ ಪ್ರಶ್ನೆಯಾಗಿ ಕೇಳಿದೆ.

ಗಂಟು ಬಿಚ್ಚಿದ್ದು ಎಕ್ಸ್-ರೇ ಮತ್ತು ವಂಶಾವಳಿ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಗರ್ವಾಲ್ ಮತ್ತು ಸಂಗಡಿಗರು 1994ರಲ್ಲಿ ‘ಸ್ಕೆಲಿಟಲ್ ರೇಡಿಯಾಲಜಿ’ ಪತ್ರಿಕೆಯಲ್ಲಿ ಮಂಡಿಸಿದ ಅಧ್ಯಯನ ಇದನ್ನು ಸಂಧಿವಾತದ ಪಟ್ಟಿಯಿಂದಲೇ ಹೊರಗೆ ತೆಗೆಯಿತು. ಎಳೆಯರ ಉದ್ದ ಮೂಳೆಗಳ ತುದಿ ಮೃದ್ವಸ್ಥಿಯಾಗಿದ್ದು, ಬೆಳೆಯುತ್ತ ಗಟ್ಟಿಮೂಳೆಯಾಗುತ್ತದೆ. ಆ ತುದಿಯೇ ಸರಿಯಾಗಿ ರೂಪುಗೊಳ್ಳದಿದ್ದರೆ ತೊಡೆಮೂಳೆಯ ತಲೆ ಚೆಂಡಿನಂತೆ ದುಂಡಗಾಗದೆ ಚಪ್ಪಟೆಯಾಗುತ್ತದೆ, ಅದು ಕೂರುವ ಬಟ್ಟಲೂ ಆಕಾರ ಕೆಡುತ್ತದೆ. ಬೆನ್ನೆಲುಬಿನ ಮಣಿಗಳಿಗೂ ಇದೇ ಗತಿ. ಚೆಂಡು ಬಟ್ಟಲಿಗೆ ಕೂರದಿದ್ದರೆ ಪ್ರತಿ ಹೆಜ್ಜೆಗೂ ತೇಯುತ್ತದೆ. ತೇದದ್ದು ಕಾಲಾಂತರದಲ್ಲಿ ಸಂಧಿವಾತವಾಗಿ ತೋರುತ್ತದೆ. 1978ರಲ್ಲಿ ಕಾಯಿಲೆ ಎಂದು ಹೆಸರಿಸಿದ್ದ ಕೀಲಿನ ಉರಿ, 1994ರಲ್ಲಿ ಮೂಳೆಯ ಬೆಳವಣಿಗೆಯ ದೋಷದ ಪರಿಣಾಮವಾಯಿತು. ಇಂಥ ದೋಷಗಳ ವರ್ಗೀಕರಣವೂ ಹೊಸದೇ. ಬೆನ್ನೆಲುಬು ಮತ್ತು ಮೂಳೆತುದಿಗಳ ಹುಟ್ಟುದೋಷವೊಂದನ್ನು ಸ್ಪ್ರಾಂಗರ್ ಮತ್ತು ವೀಡೆಮಾನ್ ಎಂಬ ಜರ್ಮನ್ ವೈದ್ಯರು ಪ್ರತ್ಯೇಕವಾಗಿ ಹೆಸರಿಸಿದ್ದು 1966ರಲ್ಲಿ. ಪೋಷಣಾ ಸಂಸ್ಥೆಯವರು ಸಾಗರಕ್ಕೆ ಬಂದಾಗ ಆ ಹೆಸರಿಗೆ ಹತ್ತು ವರ್ಷವೂ ತುಂಬಿರಲಿಲ್ಲ.

ಈ ಅಧ್ಯಯನ ಬಾಧಿತರಲ್ಲಿ ಮೂರು ಬಗೆಗಳನ್ನು ಗುರುತಿಸಿತು. ಎತ್ತರಕ್ಕೆ ಹೆಚ್ಚು ಧಕ್ಕೆಯಿಲ್ಲದೆ ಸೊಂಟದ ಕೀಲು ಮಾತ್ರ ಸವೆದವರು ಒಂದು ತುದಿಯಲ್ಲಿ. ಮೂಳೆಗಳ ತುದಿಯೂ ಅದರ ಕೆಳಗಿನ ಭಾಗವೂ ಕೆಟ್ಟು ಕುಳ್ಳಾದವರು ಇನ್ನೊಂದು ತುದಿಯಲ್ಲಿ. ದೋಷ ಹರಿಯುವ ಬಗೆ ಪ್ರಬಲ ಆನುವಂಶಿಕತೆ: ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಒಂದೇ ದೋಷ ಅಣ್ಣನಿಗೆ ಸ್ವಲ್ಪ, ತಂಗಿಗೆ ತೀವ್ರವಾಗಬಹುದು. ಏಡಿಯ ಊಹೆ ಈ ವಂಶಾವಳಿಗಳ ಮುಂದೆ ನಿಲ್ಲಲಿಲ್ಲ. ಆದರೂ ಈ ಕಾಯಿಲೆಯ ಮಾತು ಬಂದಾಗ ಇಂದಿಗೂ ಏಡಿ ನುಸುಳಿ ಬರುತ್ತದೆ. ಅದು ನಿಲ್ಲಬೇಕು. ಹಸಿದವರು ಗದ್ದೆಯಲ್ಲಿ ಸಿಕ್ಕಿದ್ದನ್ನು ತಿಂದದ್ದೇ ತಪ್ಪಾಯಿತು ಎಂಬ ಭಾರವನ್ನು ಅವರ ಮೇಲೆ ಹೊರಿಸುವ ಹಕ್ಕು ಯಾರಿಗೂ ಇಲ್ಲ. ‘ವಂಶದ ರೋಗ’ ಎಂಬ ಮಾತನ್ನೂ ಅಷ್ಟೇ ಜತನದಿಂದ ಆಡಬೇಕು, ಏಕೆಂದರೆ ಅದು ನೇರವಾಗಿ ಹೆಣ್ಣುಮಕ್ಕಳ ಮದುವೆಯ ಮಾತುಕತೆಗೆ ಹೋಗಿ ತಗಲುತ್ತದೆ. ಕಾರಣ ಯಾವುದೇ ಇರಲಿ, ಸವೆದ ಸೊಂಟಕ್ಕೆ ಬೇಕಾದದ್ದು ಎಳವೆಯಲ್ಲೇ ಎಕ್ಸ್-ರೇ, ನೋವಿಗೆ ಔಷಧ, ಆಗುವವರಿಗೆ ಕೀಲು ಬದಲಿ ಶಸ್ತ್ರಚಿಕಿತ್ಸೆ, ಬಗ್ಗದೆ ಮಾಡುವ ದುಡಿಮೆ. ಇವು ಸಂಶೋಧನೆಗಾಗಿ ಕಾಯಬೇಕಾದವಲ್ಲ.

ಇನ್ನು ಉಳಿದಿರುವುದು 1978ರ ತಲೆಬರಹದ ಮೂರನೆಯ ಮಾತು. ವಂಶದಲ್ಲಿ ಹರಿಯುವ ದೋಷ 1974ರಲ್ಲಿ ಹೊಸದಾಗಿ ಸ್ಫೋಟಿಸಲಾರದು. ಸ್ಫೋಟಿಸಿದ್ದು ಕಾಯಿಲೆಯಲ್ಲ, ಗಮನ ಎಂಬುದು ನನ್ನ ತೀರ್ಮಾನ. ಹಿಂದಿನ ತಲೆಮಾರಿನಲ್ಲಿ ಕೇರಿಯ ಮುದುಕಿ ತೆವಳುತ್ತಿದ್ದರೆ ಅದನ್ನು ಬರೆದಿಡಲು ಅಲ್ಲಿಗೆ ಯಾವ ವೈದ್ಯನೂ ಹೋಗಿರಲಿಲ್ಲ. ಈ ತೀರ್ಮಾನವನ್ನು ಒರೆಗೆ ಹಚ್ಚಲು 1974ಕ್ಕಿಂತ ಹಿಂದಿನ ಸಾಕ್ಷ್ಯ ಬೇಕು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ನರಸಿಂಹರಾಜಪುರ ಸೀಮೆಯ ಓದುಗರಲ್ಲಿ ನನ್ನ ಕೋರಿಕೆ ಇದು. ಹಳೆಯ ಆಸ್ಪತ್ರೆ ಚೀಟಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಕುಂಟ’ ಎಂದು ಬರೆದ ಒಂದು ಸಾಲು, ಒಕ್ಕಲುಮನೆಗಳ ಕೂಲಿ ಲೆಕ್ಕದ ಕಡತ, ಗುಂಪು ಫೋಟೋದಲ್ಲಿ ಕೋಲು ಹಿಡಿದು ನಿಂತ ಅಜ್ಜ ಕಣ್ಣಿಗೆ ಬಿದ್ದರೆ ಗೆದ್ದಲಿಗೆ ಬಿಡಬೇಡಿ. ವರ್ಷ ಮತ್ತು ಊರನ್ನು ಅದರ ಹಿಂದೆ ಬರೆದು, ಆ ಮನೆಯವರ ಒಪ್ಪಿಗೆ ಕೇಳಿ, ಜೋಪಾನವಾಗಿ ಎತ್ತಿಡಿ.