ಓಟದ ಶೂಗಳ ಸರದಿ ಬಳಕೆ

ಓಟದ ಶೂಗಳ ಸರದಿ ಬಳಕೆ ಎಂದರೆ ಓಟಗಾರರು ಒಂದೇ ಅವಧಿಯಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ಜೋಡಿ ಶೂಗಳನ್ನು ಬದಲಿಸುತ್ತ ತೊಡುವ ಹಾಗೂ ಪ್ರತಿಯೊಂದು ಜೋಡಿ ಕ್ರಮಿಸಿದ ದೂರವನ್ನು ಪ್ರತ್ಯೇಕವಾಗಿ ಲೆಕ್ಕವಿಡುವ ಪದ್ಧತಿ. ದೂರದ ಓಟಗಾರರಲ್ಲಿ, ಅದರಲ್ಲೂ ಅರ್ಧ ಮ್ಯಾರಥಾನ್ ಮತ್ತು 42.195 ಕಿ.ಮೀ. ದೂರದ ಮ್ಯಾರಥಾನ್‌ಗೆ ಅಭ್ಯಾಸ ಮಾಡುವವರಲ್ಲಿ, ಇದು ರೂಢಿಯಲ್ಲಿದೆ. ಶೂವಿನ ಮೆತ್ತನೆಯ ಗುಣ ಕುಗ್ಗುವುದು ಹೊರನೋಟಕ್ಕೆ ಸುಲಭವಾಗಿ ಕಾಣುವುದಿಲ್ಲ. ಹಲವು ಜೋಡಿಗಳನ್ನು ಬಳಸುವಾಗ ಯಾವುದು ಎಷ್ಟು ಓಡಿದೆ ಎಂಬುದು ನೆನಪಿನಲ್ಲಿಯೂ ಉಳಿಯುವುದಿಲ್ಲ. ಆದ್ದರಿಂದ ಈ ಪದ್ಧತಿಯಲ್ಲಿ ದಾಖಲೆಗೆ ಮುಖ್ಯ ಸ್ಥಾನವಿದೆ.

## ಶೂವಿನ ರಚನೆ ಮತ್ತು ಸವೆತ

ಓಟದ ಶೂವಿನಲ್ಲಿ ಪ್ರಮುಖವಾಗಿ ಮೂರು ಭಾಗಗಳಿವೆ: ಪಾದವನ್ನು ಆವರಿಸುವ ಮೇಲ್ಹೊದಿಕೆ, ನೆಲಕ್ಕೆ ತಾಗುವ ರಬ್ಬರಿನ ಹೊರ ಅಟ್ಟೆ ಹಾಗೂ ಇವೆರಡರ ನಡುವೆ ಇರುವ ಫೋಮಿನ ಪದರ. ಈ ನಡುವಿನ ಪದರವನ್ನು ಮಿಡ್‌ಸೋಲ್ ಎನ್ನುತ್ತಾರೆ. ಬಹುಕಾಲದಿಂದ ಇದನ್ನು ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪಾಲಿಮರ್‌ನಿಂದ ತಯಾರಿಸಲಾಗುತ್ತಿದೆ. ಫೋಮಿನೊಳಗಿನ ಸೂಕ್ಷ್ಮ ಗಾಳಿಕೋಶಗಳು ಪಾದ ಊರಿದಾಗ ಕುಗ್ಗಿ, ಎತ್ತಿದಾಗ ಹಿಗ್ಗುತ್ತವೆ.

ಓಡುವಾಗ ಪ್ರತಿ ಹೆಜ್ಜೆಯಲ್ಲಿ ದೇಹದ ತೂಕದ ಸುಮಾರು 2ರಿಂದ 3 ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ನಿಮಿಷಕ್ಕೆ 170 ಹೆಜ್ಜೆಯಂತೆ 6 ನಿಮಿಷದಲ್ಲಿ ಒಂದು ಕಿ.ಮೀ. ಓಡುವವರ ಒಂದೊಂದು ಶೂ ಪ್ರತಿ ಕಿ.ಮೀ.ಗೆ ಸುಮಾರು 500 ಬಾರಿ ನೆಲಕ್ಕೆ ಬಡಿಯುತ್ತದೆ; 500 ಕಿ.ಮೀ. ಮುಗಿಯುವಷ್ಟರಲ್ಲಿ ಈ ಸಂಖ್ಯೆ ಎರಡೂವರೆ ಲಕ್ಷ ತಲುಪುತ್ತದೆ. ಹೀಗೆ ಪದೇ ಪದೇ ಒತ್ತಡಕ್ಕೆ ಒಳಗಾದ ಗಾಳಿಕೋಶಗಳ ಭಿತ್ತಿಗಳು ಮಡಚಿ ಹರಿಯುತ್ತವೆ. ಫೋಮ್ ತೆಳುವಾಗಿ ಗಡುಸಾಗುತ್ತದೆ.

ಕುಕ್, ಕೆಸ್ಟರ್ ಮತ್ತು ಬ್ರುನೆ ಅವರು 1985ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೂಗಳನ್ನು ಯಂತ್ರದ ಮೂಲಕ ಸವೆಸಿ ಪರೀಕ್ಷಿಸಲಾಯಿತು. 50 ಮೈಲಿ, ಅಂದರೆ ಸುಮಾರು 80 ಕಿ.ಮೀ. ಬಳಕೆಯ ನಂತರ ಆಘಾತ ಹೀರುವ ಸಾಮರ್ಥ್ಯವು ಆರಂಭದ ಸುಮಾರು 75%ಕ್ಕೆ ಇಳಿದಿತ್ತು. 400ರಿಂದ 800 ಕಿ.ಮೀ. ನಡುವೆ ಅದು 60%ಕ್ಕಿಂತ ಕಡಿಮೆಯಾಯಿತು. ಸ್ವಯಂಸೇವಕರು ನಿಜವಾಗಿ ಓಡಿ ಸವೆಸಿದ ಶೂಗಳಲ್ಲಿ ಇಳಿಕೆ ಇಷ್ಟು ತೀವ್ರವಾಗಿರಲಿಲ್ಲ. ಅವು 800 ಕಿ.ಮೀ. ನಂತರವೂ ಸುಮಾರು 70% ಸಾಮರ್ಥ್ಯ ಉಳಿಸಿಕೊಂಡಿದ್ದವು.

## ಸರದಿಯ ಉದ್ದೇಶಗಳು

* ಓಟದ ಬಗೆಗೆ ತಕ್ಕ ಶೂ: ನಿತ್ಯದ ನಿಧಾನ ಓಟಕ್ಕೆ ಬಾಳಿಕೆ ಬರುವ ಶೂ, ವಾರಾಂತ್ಯದ ದೀರ್ಘ ಓಟಕ್ಕೆ ದಪ್ಪ ಮಿಡ್‌ಸೋಲ್‌ನ ಶೂ, ವೇಗದ ಅಭ್ಯಾಸಕ್ಕೆ ಹಗುರವಾದ ಶೂ, ಕಾಡುದಾರಿಗೆ ಹಿಡಿತವಿರುವ ಹೊರ ಅಟ್ಟೆಯ ಶೂ ಎಂದು ಹಂಚಿಕೊಳ್ಳಲಾಗುತ್ತದೆ.
* ಒಣಗಲು ಅವಕಾಶ: ಬೆವರು ಅಥವಾ ಮಳೆಯಿಂದ ನೆನೆದ ಜೋಡಿಗೆ ಒಂದೆರಡು ದಿನ ಬಿಡುವು ಸಿಗುತ್ತದೆ. ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನಂತಹ ಪ್ರದೇಶಗಳಲ್ಲಿ ಒದ್ದೆ ಶೂ ಬೆಳಗಾಗುವುದರೊಳಗೆ ಒಣಗುವುದು ಅಪರೂಪವಾದ್ದರಿಂದ ಎರಡನೆಯ ಜೋಡಿ ಉಪಯುಕ್ತ. ಒಳಹಾಸನ್ನು ಹೊರತೆಗೆದು, ಶೂವಿನೊಳಗೆ ಹಳೆಯ ವೃತ್ತಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸುವುದು ವಾಡಿಕೆ. ನೇರ ಶಾಖ ತಗುಲಿದರೆ ಅಂಟು ಸಡಿಲವಾಗಬಹುದು.
* ಹೋಲಿಕೆ: ಹೊಸ ಜೋಡಿಯೊಂದಿಗೆ ಬದಲಿಸಿ ತೊಟ್ಟಾಗ ಹಳೆಯ ಜೋಡಿ ಎಷ್ಟು ಗಡುಸಾಗಿದೆ ಎಂಬುದು ಪಾದಕ್ಕೆ ತಿಳಿಯುತ್ತದೆ.

## ಗಾಯಗಳೊಂದಿಗಿನ ಸಂಬಂಧ

ಲಕ್ಸೆಂಬರ್ಗ್‌ನ ಲೋರಾಂ ಮಾಲಿಸೂ ಮತ್ತು ಸಂಗಡಿಗರು 264 ಹವ್ಯಾಸಿ ಓಟಗಾರರನ್ನು 22 ವಾರಗಳ ಕಾಲ ಅವಲೋಕಿಸಿದ ಅಧ್ಯಯನ ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಒಂದಕ್ಕಿಂತ ಹೆಚ್ಚು ಜೋಡಿಗಳನ್ನು ಬದಲಿಸಿ ಬಳಸಿದವರಲ್ಲಿ ಓಟಕ್ಕೆ ಸಂಬಂಧಿಸಿದ ಗಾಯದ ಅಪಾಯ 39% ಕಡಿಮೆ ಇದ್ದುದು ಅದರಲ್ಲಿ ಕಂಡುಬಂದಿತು. ಬೇರೆ ಬೇರೆ ಶೂಗಳು ಸ್ನಾಯು, ಸ್ನಾಯುರಜ್ಜು ಮತ್ತು ಎಲುಬುಗಳ ಮೇಲಿನ ಹೊರೆಯನ್ನು ಬೇರೆ ಬೇರೆ ರೀತಿಯಲ್ಲಿ ಹಂಚುವುದರಿಂದ, ಒಂದೇ ಅಂಗಾಂಶ ದಿನವೂ ಒಂದೇ ಬಗೆಯ ಒತ್ತಡಕ್ಕೆ ಸಿಲುಕುವುದು ತಪ್ಪುತ್ತದೆ ಎಂಬುದು ಇದಕ್ಕೆ ನೀಡಲಾಗುವ ವಿವರಣೆ.

ಆದರೆ ಇದು ಅವಲೋಕನಾತ್ಮಕ ಅಧ್ಯಯನ. ಹಲವು ಜೋಡಿ ಇಟ್ಟುಕೊಳ್ಳುವವರ ಅನುಭವ ಮತ್ತು ಅಭ್ಯಾಸಕ್ರಮವೇ ಭಿನ್ನವಾಗಿರಬಹುದು. ಆದ್ದರಿಂದ ಶೂ ಬದಲಾವಣೆಯೇ ಗಾಯವನ್ನು ತಡೆಯಿತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಮೇಲಿನ ವಿವರಣೆಯನ್ನು ಒಪ್ಪಿದರೂ, ಒಂದೇ ಮಾದರಿಯ ಎರಡು ಜೋಡಿಗಳಿಂದ ಅಂತಹ ವೈವಿಧ್ಯ ದೊರೆಯುವುದಿಲ್ಲ.

## ಲೆಕ್ಕವಿಡುವ ವಿಧಾನಗಳು

ಅತ್ಯಂತ ಸರಳ ವಿಧಾನವೆಂದರೆ ಶೂವಿನ ನಾಲಿಗೆಯ ಒಳಭಾಗದಲ್ಲಿ ಬಳಕೆ ಆರಂಭಿಸಿದ ದಿನಾಂಕವನ್ನು ಅಳಿಸದ ಶಾಯಿಯಿಂದ ಬರೆಯುವುದು. ಒಂದೇ ಮಾದರಿಯ, ಒಂದೇ ಬಣ್ಣದ ಎರಡು ಜೋಡಿಗಳಿದ್ದರೆ ಈ ಗುರುತು ಅನಿವಾರ್ಯ. ಓಟದ ದಿನಚರಿ ಪುಸ್ತಕದಲ್ಲಿ ದಿನಾಂಕ, ದೂರ ಮತ್ತು ಜೋಡಿಯ ಹೆಸರನ್ನು ಬರೆಯುವುದು ಹಾಗೂ ಕಂಪ್ಯೂಟರಿನ ಕೋಷ್ಟಕದಲ್ಲಿ ಪ್ರತಿ ಜೋಡಿಗೆ ಒಂದು ಕಂಬಸಾಲು ಇಡುವುದು ಇತರ ವಿಧಾನಗಳು. ಸ್ಟ್ರಾವಾ, ಗಾರ್ಮಿನ್ ಕನೆಕ್ಟ್ ಮುಂತಾದ ಆ್ಯಪ್‌ಗಳಲ್ಲಿ ಶೂಗಳನ್ನು ಹೆಸರಿಸಿ ಸೇರಿಸಿದರೆ ಓಟದ ದೂರ ಆಯಾ ಜೋಡಿಯ ಖಾತೆಗೆ ಸೇರುತ್ತದೆ.

ವಾರಕ್ಕೆ 50 ಕಿ.ಮೀ. ಓಡುವವರು ಪ್ರತಿ ಜೋಡಿಗೆ 600 ಕಿ.ಮೀ. ಮಿತಿ ಇಟ್ಟುಕೊಂಡರೆ ಲೆಕ್ಕ ಹೀಗಿರುತ್ತದೆ:

| ಜೋಡಿ | ವಾರದ ದೂರ | ಬಾಳಿಕೆ |
|---|---|---|
| ನಿತ್ಯದ ಓಟ | 25 ಕಿ.ಮೀ. | 24 ವಾರ |
| ದೀರ್ಘ ಓಟ | 15 ಕಿ.ಮೀ. | 40 ವಾರ |
| ವೇಗದ ಓಟ | 10 ಕಿ.ಮೀ. | 60 ವಾರ |

### ಸಾಮಾನ್ಯ ದೋಷಗಳು

ಆ್ಯಪ್‌ಗಳಲ್ಲಿ ಒಂದು ಜೋಡಿಯನ್ನು ಪೂರ್ವನಿಗದಿತವಾಗಿ ಆರಿಸಿಟ್ಟಿದ್ದರೆ, ಬಳಕೆದಾರರು ಬದಲಿಸದ ಹೊರತು ಎಲ್ಲ ಓಟಗಳೂ ಅದರ ಖಾತೆಗೇ ಸೇರುತ್ತವೆ. ಮೇಲಿನ ಉದಾಹರಣೆಯಲ್ಲಿ ದೀರ್ಘ ಓಟದ ದೂರ ನಿತ್ಯದ ಜೋಡಿಗೆ ದಾಖಲಾಗುತ್ತ ಹೋದರೆ, 15 ವಾರಗಳಲ್ಲಿಯೇ ಆ ಜೋಡಿ 600 ಕಿ.ಮೀ. ಮುಟ್ಟಿದಂತೆ ತೋರುತ್ತದೆ, ಆದರೆ ಅದು ಓಡಿರುವುದು 375 ಕಿ.ಮೀ. ಮಾತ್ರ. ಇತ್ತ 225 ಕಿ.ಮೀ. ಸವೆದಿರುವ ದೀರ್ಘ ಓಟದ ಜೋಡಿ ದಾಖಲೆಯಲ್ಲಿ ಹೊಸದಾಗಿಯೇ ಉಳಿಯುತ್ತದೆ. ಹೀಗೆ ಒಂದೇ ತಪ್ಪಿನಿಂದ ಒಂದು ಒಳ್ಳೆಯ ಜೋಡಿ ಬೇಗ ಮೂಲೆ ಸೇರುತ್ತದೆ, ಇನ್ನೊಂದು ಮಿತಿ ಮೀರಿ ಬಳಕೆಯಾಗುತ್ತದೆ.

ಟ್ರೆಡ್‌ಮಿಲ್ ಓಟ ಹಾಗೂ ಅದೇ ಶೂ ತೊಟ್ಟು ಮಾಡಿದ ನಡಿಗೆ ಅನೇಕ ವೇಳೆ ದಾಖಲೆಯಿಂದ ಬಿಟ್ಟುಹೋಗುತ್ತವೆ. ಎಲ್ಲ ಜೋಡಿಗಳ ದೂರವನ್ನು ತಿಂಗಳಿಗೊಮ್ಮೆ ಕೂಡಿಸಿ, ಆ ಅವಧಿಯ ಒಟ್ಟು ಓಟದೊಂದಿಗೆ ತಾಳೆ ನೋಡಿದರೆ ಬಿಟ್ಟುಹೋದ ನಮೂದುಗಳು ತಿಳಿಯುತ್ತವೆ. ತಪ್ಪು ಜೋಡಿಗೆ ಸೇರಿದ ದೂರ ಈ ಮೊತ್ತದಲ್ಲಿ ಗೋಚರಿಸುವುದಿಲ್ಲ. ಅದಕ್ಕೆ ಪ್ರತಿ ಓಟದ ನಮೂದನ್ನೇ ಪರಿಶೀಲಿಸಬೇಕು.

## ವೆಚ್ಚ

ಸರದಿಯಿಂದ ಒಂದೊಂದು ಜೋಡಿ ಹೆಚ್ಚು ತಿಂಗಳು ಬಾಳಿದರೂ ಒಟ್ಟಾರೆ ಉಳಿತಾಯವಾಗುತ್ತದೆ ಎಂದೇನಿಲ್ಲ. ಮೂರು ಜೋಡಿಗಳನ್ನು ಒಂದರ ನಂತರ ಒಂದರಂತೆ ಸವೆಸಿದರೂ, ಒಟ್ಟಿಗೆ ಬಳಸಿದರೂ ದೊರೆಯುವುದು ಅದೇ 1,800 ಕಿ.ಮೀ. ಆದರೆ ಸರದಿಯಲ್ಲಿ ಖರೀದಿಯ ಹಣವನ್ನು ಮೊದಲೇ ಹೂಡಬೇಕಾಗುತ್ತದೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಓಡುವವರಿಗೆ ಒಂದು ಜೋಡಿಯೇ ಸಾಕಾಗಬಹುದು.

## ಬಳಕೆಯಿಂದ ತೆಗೆಯುವುದು

ಶೂವನ್ನು 300ರಿಂದ 500 ಮೈಲಿ, ಅಂದರೆ ಸುಮಾರು 480ರಿಂದ 800 ಕಿ.ಮೀ. ಬಳಕೆಯ ನಂತರ ಬದಲಿಸಬೇಕೆಂಬ ಸಲಹೆ ಪ್ರಚಲಿತವಾಗಿದೆ. ಓಟಗಾರರ ತೂಕ, ಓಟದ ಶೈಲಿ, ನೆಲದ ಸ್ವರೂಪ ಮತ್ತು ಫೋಮಿನ ಬಗೆಯನ್ನು ಅವಲಂಬಿಸಿ ಇದು ಬದಲಾಗುತ್ತದೆ. ಸ್ಪರ್ಧೆಗೆಂದೇ ತಯಾರಾದ ಹಗುರ ಶೂಗಳ ಆಯುಷ್ಯ ಇನ್ನೂ ಕಡಿಮೆ. ಅಡಿಡಾಸ್ ಸಂಸ್ಥೆಯು 2023ರಲ್ಲಿ ಬಿಡುಗಡೆ ಮಾಡಿದ ಅಡಿಝೀರೊ ಅಡಿಯೋಸ್ ಪ್ರೊ ಇವೊ 1 ಶೂವನ್ನು ಒಂದೇ ಮ್ಯಾರಥಾನ್‌ನ ಬಳಕೆಗೆ ಉದ್ದೇಶಿಸಲಾಗಿತ್ತು. ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ ಅದೇ ವರ್ಷ ಬರ್ಲಿನ್ ಮ್ಯಾರಥಾನ್‌ನಲ್ಲಿ ಈ ಶೂ ತೊಟ್ಟು 2 ಗಂಟೆ 11 ನಿಮಿಷ 53 ಸೆಕೆಂಡ್‌ಗಳಲ್ಲಿ ಗುರಿ ತಲುಪಿ, ಮಹಿಳೆಯರ ಅಂದಿನ ವಿಶ್ವದಾಖಲೆ ಸ್ಥಾಪಿಸಿದರು.

ದೂರದ ಜೊತೆಗೆ ಈ ಕೆಳಗಿನ ಲಕ್ಷಣಗಳನ್ನೂ ಗಮನಿಸಲಾಗುತ್ತದೆ:

* ಸಮತಟ್ಟಾದ ಮೇಜಿನ ಮೇಲಿಟ್ಟಾಗ ಶೂ ಒಂದು ಬದಿಗೆ ವಾಲುವುದು;
* ಮಿಡ್‌ಸೋಲ್‌ನ ಪಕ್ಕದಲ್ಲಿ ಆಳವಾದ ನೆರಿಗೆಗಳು ಮೂಡುವುದು;
* ಹೊರ ಅಟ್ಟೆಯ ರಬ್ಬರ್ ಸವೆದು ಒಳಗಿನ ಫೋಮ್ ಕಾಣುವುದು;
* ಅಭ್ಯಾಸದ ಪ್ರಮಾಣ ಹೆಚ್ಚಿಸದಿದ್ದರೂ ಒಂದು ನಿರ್ದಿಷ್ಟ ಜೋಡಿ ತೊಟ್ಟ ದಿನಗಳಲ್ಲಿ ಮಾತ್ರ ಮೊಣಕಾಲು, ಮೀನಖಂಡ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸುವುದು.

ಕೊನೆಯ ಲಕ್ಷಣವನ್ನು ಗುರುತಿಸಲು ಯಾವ ದಿನ ಯಾವ ಜೋಡಿ ತೊಟ್ಟಿದ್ದು ಎಂಬ ದಾಖಲೆ ನೆರವಾಗುತ್ತದೆ. ನೋವು ಶೂ ಬದಲಿಸಿದ ನಂತರವೂ ಮುಂದುವರಿದರೆ ವೈದ್ಯರನ್ನು ಕಾಣುವುದು ಸೂಕ್ತ. ಓಟದಿಂದ ತೆಗೆದ ಶೂಗಳನ್ನು ಹೊರ ಅಟ್ಟೆ ಗಟ್ಟಿಯಾಗಿದ್ದರೆ ಅಲ್ಪದೂರದ ನಡಿಗೆಗೆ ಅಥವಾ ತೋಟದ ಕೆಲಸಕ್ಕೆ ಬಳಸಬಹುದು.